ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಸರಿ ಇದೆ ಅಂತಲ್ಲ

ಶಿರಸಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬ್ಯಾನರ್, ಮದುವೆ ಆಲ್ಬಂ ಇವೇ ಕೆಲಸ. ಮದುವೆಗಳು ಬೇಸಿಗೆಯಲ್ಲಿ ಮುಗಿದರೂ ಆಲ್ಬಂ ಕೆಲಸ ನಡೆಯುವುದು ಮಳೆಗಾಲದಲ್ಲಿ. ಅದಕ್ಕೆಂದೇ ಇಟ್ಟಿರುವ ಡೆಸ್ಕ್‌ಟಾಪ್ ಹಳೆಯದು. ಐ5-4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, ಆಮೇಲೆ ಸೇರಿಸಿದ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್. ಕಳೆದ ಮಳೆಗಾಲದಲ್ಲಿ ಅದು ಕೆಲಸದ ನಡುವೆ ತಟ್ಟನೆ ಆರಿ, ತಾನೇ ಮತ್ತೆ ಶುರುವಾಗತೊಡಗಿತು. ನೀಲಿ ಪರದೆ ಇಲ್ಲ, ಎಚ್ಚರಿಕೆ ಇಲ್ಲ, ಏನೂ ಇಲ್ಲ.

ರಿಪೇರಿಯವರಿಗೆ ತೋರಿಸಿದೆ. "ಬೋರ್ಡ್ ವೀಕ್ ಆಗಿದೆ ಸರ್. ಎಸ್‌ಎಂಪಿಎಸ್ ಚೆಕ್ ಮಾಡಿದೆ, ಫ್ಯಾನ್ ಆರಾಮಾಗಿ ತಿರುಗ್ತಾ ಇದೆ" ಅಂದರು. ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದ ಕಡಿಮೆ ವೋಲ್ಟಿನ ಡಿಸಿ ಮಾಡಿಕೊಡುವ, ಕ್ಯಾಬಿನೆಟ್ ಒಳಗಿನ ಡಬ್ಬ. ಈಗಿನ ಹೊಸ ಬೋರ್ಡ್ ಹಾಕುವುದೆಂದರೆ ಪ್ರೊಸೆಸರ್, ರ‍್ಯಾಮ್ ಎರಡೂ ಹೊಸದು ಬೇಕು. ಅಲ್ಲಿಗೆ ಹೊಸ ಕಂಪ್ಯೂಟರನ್ನೇ ಕೊಂಡಂತೆ. ನಾನು ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮಾಡಿದವನು, ಮಲ್ಟಿಮೀಟರ್ ಮನೆಯಲ್ಲೇ ಇದೆ. ನಾನೇ ನೋಡೋಣ ಎಂದು ವಾಪಸ್ ತಂದೆ.

ಮೊದಲು ನೋಡಿದ್ದು ಯಾವಾಗ ಆರುತ್ತದೆ ಎನ್ನುವುದನ್ನು. ನುಡಿ ತಂತ್ರಾಂಶದಲ್ಲಿ ಇಡೀ ದಿನ ಟೈಪ್ ಮಾಡಿದರೂ ಏನೂ ಆಗುವುದಿಲ್ಲ. ಆಲ್ಬಂ ಎಕ್ಸ್‌ಪೋರ್ಟ್‌ಗೆ ಕೊಟ್ಟರೆ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಒಟ್ಟಿಗೆ ದುಡಿಯಲು ಶುರು ಮಾಡಿದರೆ, ಟಪ್ ಅಂತ ಆಫ್. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲವೂ ಕರ್ನಲ್-ಪವರ್ 41 ಎಂದು ದಾಖಲಾಗಿತ್ತು. ಇದನ್ನು ನೋಡಿದ ಕೂಡಲೇ "ಪವರ್ ಅಂತ ಬರೆದಿದೆ, ಎಸ್‌ಎಂಪಿಎಸ್ಸೇ" ಎಂದು ತೀರ್ಮಾನಿಸುವವರು ಇದ್ದಾರೆ. ಅದು ಹಾಗಲ್ಲ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಆರಿತ್ತು ಎಂದಷ್ಟೇ 41 ಹೇಳುತ್ತದೆ, ಕಾರಣ ಹೇಳುವುದಿಲ್ಲ. ಆದರೆ ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ 0 ಎಂದಿತ್ತು. ಅಂದರೆ ನೀಲಿ ಪರದೆ ತೋರಿಸುವಷ್ಟು ಸಮಯವೂ ವಿಂಡೋಸ್‌ಗೆ ಸಿಕ್ಕಿಲ್ಲ. ಡ್ರೈವರ್ ಗಲಾಟೆಗಿಂತ ಕರೆಂಟಿನ ಕಡೆಗೇ ಅನುಮಾನ ಜಾಸ್ತಿಯಾಯಿತು.

ಆದರೂ ಎಸ್‌ಎಂಪಿಎಸ್ ಮೇಲೆ ತಪ್ಪು ಹೊರಿಸುವ ಮೊದಲು ಉಳಿದವನ್ನು ಬಿಡಿಸಿಕೊಳ್ಳಬೇಕು. ಯುಪಿಎಸ್ ತೆಗೆದು ನೇರ ಗೋಡೆಯ ಸಾಕೆಟ್‌ಗೆ ಹಾಕಿದೆ, ಆಗಲೂ ಆರಿತು. ಕರೆಂಟ್ ಹೋದ ಕ್ಷಣದಲ್ಲಿ ಮಾತ್ರ ಆರುವುದಾದರೆ ಯುಪಿಎಸ್ ಬ್ಯಾಟರಿ ನೋಡಬೇಕು, ಇಲ್ಲಿ ಆ ಮಾತಿಲ್ಲ. ಪ್ರೊಸೆಸರ್ ಬಿಸಿ ನೋಡಿದೆ, ಎಕ್ಸ್‌ಪೋರ್ಟ್ ನಡೆಯುವಾಗಲೂ 70 ಡಿಗ್ರಿ ದಾಟಲಿಲ್ಲ. ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಿದೆ, ರ‍್ಯಾಮ್‌ನಲ್ಲಿ ಒಂದೂ ದೋಷ ಬರಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಕಳಚಿ ಬೋರ್ಡಿನದೇ ಡಿಸ್‌ಪ್ಲೇ ಬಳಸಿದಾಗ ಮಾತ್ರ ಎಕ್ಸ್‌ಪೋರ್ಟ್ ನಿಧಾನವಾಗಿಯಾದರೂ ಪೂರ್ತಿ ಮುಗಿಯಿತು. ಕಾರ್ಡ್ ಕೆಟ್ಟಿದೆಯೇ, ಅಥವಾ ಕಾರ್ಡ್ ಕೇಳುವಷ್ಟು ಕರೆಂಟ್ ಸಿಗುತ್ತಿಲ್ಲವೇ? ಕಾರ್ಡನ್ನು ಅಂಗಡಿಯ ಇನ್ನೊಂದು ಯಂತ್ರಕ್ಕೆ ಹಾಕಿದೆ. ಅಲ್ಲಿ ಚೆನ್ನಾಗಿ ಕೆಲಸ ಮಾಡಿತು.

ಈಗ ಆ ಫ್ಯಾನಿನ ವಿಷಯ. ರಿಪೇರಿಯವರು ಮಾಡಿದ್ದು ಎಲ್ಲರೂ ಮಾಡುವ ಪಿನ್ ಪರೀಕ್ಷೆ. 24 ಪಿನ್ನಿನ ದೊಡ್ಡ ಕನೆಕ್ಟರ್ ಬೋರ್ಡಿನಿಂದ ಕಳಚಿ, ಹಸಿರು ವೈರನ್ನೂ ಯಾವುದಾದರೂ ಕಪ್ಪು ವೈರನ್ನೂ ಒಂದು ಪೇಪರ್ ಕ್ಲಿಪ್‌ನಿಂದ ಸೇರಿಸಿದರೆ ಎಸ್‌ಎಂಪಿಎಸ್ ಆನ್ ಆಗುತ್ತದೆ. ಪವರ್ ಬಟನ್ ಒತ್ತಿದಾಗ ಬೋರ್ಡ್ ಮಾಡುವುದೂ ಇದನ್ನೇ. ಕ್ಲಿಪ್ ಹಾಕಿದರೂ ಫ್ಯಾನ್ ತಿರುಗದಿದ್ದರೆ ಸಾಮಾನ್ಯವಾಗಿ ಎಸ್‌ಎಂಪಿಎಸ್ ಸತ್ತಿದೆ ಎಂದು ಹೇಳಬಹುದು. ಲೋಡ್ ಕಡಿಮೆ ಇದ್ದಾಗ ಫ್ಯಾನ್ ನಿಲ್ಲಿಸುವ ದುಬಾರಿ ಮಾಡೆಲ್‌ಗಳನ್ನು ಬಿಟ್ಟು. ತಿರುಗಿದರೆ? ಫ್ಯಾನ್ ಕೇಳುವುದು ಎರಡು ಮೂರು ವ್ಯಾಟ್. ಬರಿಗೈಯಲ್ಲಿ ನಡೆದು ತೋರಿಸಿದವನು ಅಡಿಕೆ ಮೂಟೆ ಹೊರುತ್ತಾನೆ ಅಂತ ಹೇಳಲಾಗುವುದಿಲ್ಲ, ಅಲ್ವಾ? ಲೋಡ್ ಬಿದ್ದಾಗಲೇ ಅಳೆಯಬೇಕು.

ಅಳೆಯುವುದು ಕಷ್ಟವಲ್ಲ. ಹಳೆಯ ಹಾರ್ಡ್‌ಡಿಸ್ಕ್‌ಗಳಿಗೆ ಬರುತ್ತಿದ್ದ ನಾಲ್ಕು ಪಿನ್ನಿನ ಮೊಲೆಕ್ಸ್ ಕನೆಕ್ಟರ್ ಒಂದಾದರೂ ಖಾಲಿ ಇರುತ್ತದೆ. ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಕಪ್ಪು ಕಡ್ಡಿ ಕಪ್ಪು ವೈರಿಗೆ, ಕೆಂಪು ಕಡ್ಡಿ ಹಳದಿ ವೈರಿಗೆ. ಅದು 12 ವೋಲ್ಟ್. ಕೆಂಪು ವೈರು 5 ವೋಲ್ಟ್. ಕಡ್ಡಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಂಡರೆ ಸಾಕು. ಕಿತ್ತಳೆ ಬಣ್ಣದ 3.3 ವೋಲ್ಟ್ ನೋಡಬೇಕಾದರೆ 24 ಪಿನ್ ಕನೆಕ್ಟರಿನ ಹಿಂಬದಿಯಿಂದ ಕಡ್ಡಿ ತೂರಿಸಬೇಕು. ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳಿಗಿರುವ ಎಟಿಎಕ್ಸ್ ನಿಯಮದಂತೆ ಈ ಮೂರೂ ಶೇ. 5ರೊಳಗೆ ಹೆಚ್ಚು ಕಡಿಮೆ ಆಗಬಹುದು. ಅಂದರೆ 12 ವೋಲ್ಟ್ ಲೈನ್ 11.40ರಿಂದ 12.60ರೊಳಗೆ, 5 ವೋಲ್ಟ್ ಲೈನ್ 4.75ರಿಂದ 5.25ರೊಳಗೆ ಇರಬೇಕು.

ಸುಮ್ನೆ ಡೆಸ್ಕ್‌ಟಾಪ್ ಪರದೆ ತೆರೆದಿಟ್ಟಾಗ ನನ್ನದು 11.8 ತೋರಿಸಿತು. ಸ್ವಲ್ಪ ಕಡಿಮೆ, ಆದರೆ ನಿಯಮದೊಳಗೆ. ಆಮೇಲೆ ಕಾರ್ಡ್ ವಾಪಸ್ ಹಾಕಿ ಎಕ್ಸ್‌ಪೋರ್ಟ್ ಶುರು ಮಾಡಿದೆ. ಪ್ರೈಮ್95, ಫರ್‌ಮಾರ್ಕ್ ತರಹದ ಪರೀಕ್ಷಾ ಪ್ರೋಗ್ರಾಂಗಳೂ ಇವೆ. ಅನುಮಾನವಿರುವ ಎಸ್‌ಎಂಪಿಎಸ್ ಮೇಲೆ ಅಷ್ಟು ಭಾರ ಹೇರುವುದು ನನಗೆ ಇಷ್ಟವಿರಲಿಲ್ಲ. ನಿತ್ಯದ ಕೆಲಸಕ್ಕೇ ಅದು ಬೀಳುತ್ತಿತ್ತಲ್ಲ! ಮೀಟರ್ 11.5ಕ್ಕೆ ಇಳಿಯಿತು, 11.3, 11.2, ಯಂತ್ರ ಆಫ್. ಇನ್ನೊಂದು ಸಲ ಮಾಡಿ 5 ವೋಲ್ಟ್ ಲೈನ್ ನೋಡಿದೆ. ಅದು ಮೇಲೆ ಏರುತ್ತಿತ್ತು, 5.2ರವರೆಗೆ. ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಎರಡೂ ಲೈನುಗಳನ್ನು ಒಂದೇ ಸರ್ಕ್ಯೂಟ್ ಒಟ್ಟಿಗೆ ನಿಯಂತ್ರಿಸುತ್ತದೆ. 12 ಕುಸಿಯುವಾಗ ಅದನ್ನು ಎತ್ತಲು ಹೋಗಿ 5 ಕೂಡ ಮೇಲೇರುತ್ತದೆ. ಇಷ್ಟು ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ಮೀಟರ್ ಎಲ್ಲ ಸರಿ ತೋರಿಸಿದರೂ ಎಸ್‌ಎಂಪಿಎಸ್ ಕೆಟ್ಟಿರಬಹುದು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಡಿಸಿ ಮೇಲೆ ಬರುವ ಏರಿಳಿತ, ಅಂದರೆ ರಿಪಲ್, 12 ವೋಲ್ಟ್ ಲೈನಿನಲ್ಲಿ 120 ಮಿಲಿವೋಲ್ಟ್ ದಾಟಬಾರದು. ಅದನ್ನು ನೋಡಲು ಆಸಿಲೋಸ್ಕೋಪ್ ಬೇಕು. ಮಲ್ಟಿಮೀಟರ್ ಸರಾಸರಿ ತೋರಿಸಿ ಸುಮ್ಮನಾಗುತ್ತದೆ. ಹಾಗಾಗಿ ಅನುಮಾನ ಉಳಿದರೆ, ಸರಿ ಇರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡುವುದೇ ಕೊನೆಯ ಪರೀಕ್ಷೆ.

ಹಿಂದಿನ ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಎರಡು ಕೆಪಾಸಿಟರ್‌ಗಳ, ಅಂದರೆ ಕರೆಂಟನ್ನು ಕೂಡಿಟ್ಟುಕೊಳ್ಳುವ ಪುಟ್ಟ ಡಬ್ಬಿಗಳ, ತಲೆ ಉಬ್ಬಿದ್ದವು. ಬಿಸಿಗೆ ಒಳಗಿನ ದ್ರವ ಒಣಗುತ್ತಾ ಹೋಗುತ್ತದೆ, ಫ್ಯಾನಿಗೆ ಧೂಳು ಕಟ್ಟಿದರೆ ಇನ್ನೂ ಬೇಗ. ಬಿಚ್ಚಿ ಕೆಪಾಸಿಟರ್ ಬದಲಿಸುವವರೂ ಇದ್ದಾರೆ. ನಾನು ಬಿಚ್ಚಲಿಲ್ಲ, ನಿಮಗೂ ಬೇಡ ಎನ್ನುತ್ತೇನೆ. 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ನಿಂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಇರಬಹುದು.

ಹಳೆಯದರ ಮೇಲೆ ದೊಡ್ಡ ಅಕ್ಷರದಲ್ಲಿ 450 ಎಂದಿತ್ತು. ಪಕ್ಕದ ಪಟ್ಟಿ ಓದಿದರೆ 12 ವೋಲ್ಟ್ ಲೈನಿಗೆ 14 ಆಂಪಿಯರ್. ಗುಣಿಸಿದರೆ 168 ವ್ಯಾಟ್! ನನ್ನ ಪ್ರೊಸೆಸರ್ 84 ವ್ಯಾಟಿನದು, ಗ್ರಾಫಿಕ್ಸ್ ಕಾರ್ಡ್ 75. ಎರಡೂ ಹೆಚ್ಚುಕಡಿಮೆ ಪೂರ್ತಿ 12 ವೋಲ್ಟ್ ಲೈನನ್ನೇ ಉಣ್ಣುತ್ತವೆ. ಹೊಸದಾಗಿದ್ದಾಗಲೂ ಅದಕ್ಕೆ ಉಸಿರಾಡಲು ಜಾಗ ಇರಲಿಲ್ಲ. ಎಸ್‌ಎಂಪಿಎಸ್ ಕೊಳ್ಳುವಾಗ ಡಬ್ಬದ ಮೇಲಿನ ದೊಡ್ಡ ಸಂಖ್ಯೆ ಬಿಟ್ಟು, 12 ವೋಲ್ಟ್ ಎದುರಿಗಿರುವ ಆಂಪಿಯರ್ ಓದಿ.

ಹೊಸದನ್ನು ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತರಿಸಿದೆ. ಇದೂ 450 ವ್ಯಾಟಿನದೇ, ಆದರೆ 12 ವೋಲ್ಟ್ ಲೈನಿಗೇ 36 ಆಂಪಿಯರ್, ಅಂದರೆ 432 ವ್ಯಾಟ್. 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಎನ್ನುವ ಗುರುತು), ಐದು ವರ್ಷ ವಾರಂಟಿ, ಮೂರು ಸಾವಿರದ ಆಸುಪಾಸು. ಏಳುನೂರು ರೂಪಾಯಿಗೂ ಎಸ್‌ಎಂಪಿಎಸ್ ಸಿಗುತ್ತದೆ, ಬೇಡ. ನಿಮ್ಮದು ಕಂಪನಿಯವರೇ ಜೋಡಿಸಿಕೊಟ್ಟ ಬ್ರಾಂಡೆಡ್ ಡೆಸ್ಕ್‌ಟಾಪ್ ಆದರೆ ಕೊಳ್ಳುವ ಮೊದಲು ಮುಚ್ಚಳ ತೆಗೆದು ನೋಡಿ. ಕೆಲವದರಲ್ಲಿ 24 ಪಿನ್ ಬದಲು ಬೇರೆಯದೇ ಕನೆಕ್ಟರ್ ಇರುತ್ತದೆ, ಮಾರುಕಟ್ಟೆಯದು ಕೂರುವುದಿಲ್ಲ.

ಹಾಕುವ ಕೆಲಸ ಸುಲಭ. ಮೊಬೈಲ್‌ನಲ್ಲಿ ಎಲ್ಲ ವೈರುಗಳ ಫೋಟೊ ತೆಗೆದುಕೊಂಡೆ, ಪ್ಲಗ್ ಕಿತ್ತು ಪವರ್ ಬಟನ್ ಒಂದಷ್ಟು ಹೊತ್ತು ಒತ್ತಿ ಹಿಡಿದೆ. ಹಿಂದಿನ ನಾಲ್ಕು ಸ್ಕ್ರೂ ತೆಗೆದರೆ ಹಳೆಯದು ಹೊರಗೆ. 24 ಪಿನ್ ಕೀಳುವಾಗ ಕೊಕ್ಕೆ ಒತ್ತಿ, ಇನ್ನೊಂದು ಕೈಯಿಂದ ಬೋರ್ಡ್ ಬಾಗದಂತೆ ಹಿಡಿಯಬೇಕು. ಗಮನವಿಡಬೇಕಾದ್ದು ಒಂದೇ ಕಡೆ: ಪ್ರೊಸೆಸರ್‌ಗೆ ಹೋಗುವ ಕನೆಕ್ಟರ್ ಹೊಸದರಲ್ಲಿ 4+4 ಇತ್ತು, ನನ್ನ ಬೋರ್ಡಿಗೆ ನಾಲ್ಕೇ ಪಿನ್ ಸಾಕು. ಗ್ರಾಫಿಕ್ಸ್ ಕಾರ್ಡಿನ 6+2 ನೋಡಲು ಹಾಗೇ ಕಾಣುತ್ತದೆ. ಆದರೆ ಎರಡರಲ್ಲಿ ಪ್ಲಸ್ ಮೈನಸ್ ಉಲ್ಟಾ. ಕೂರದಿದ್ದರೆ ಒತ್ತಬೇಡಿ. ವೈರು ಕಳಚಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಹಳೆಯ ವೈರುಗಳನ್ನು ಹೊಸದಕ್ಕೆ ಬಳಸಲೇಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಒಂದೊಂದು ಕಂಪನಿಯದು ಒಂದೊಂದು ಥರ.

ಅದೇ ಎಕ್ಸ್‌ಪೋರ್ಟ್ ಮತ್ತೆ ಓಡಿಸಿ ಮೀಟರ್ ಹಿಡಿದೆ. 12.1 ಇದ್ದದ್ದು 12.0ಕ್ಕೆ ಬಂದು ಅಲ್ಲೇ ನಿಂತಿತು. ಆಲ್ಬಂ ಪೂರ್ತಿ ಮುಗಿಯಿತು. ಹಳೆಯದನ್ನು ಯಾರೂ ಎತ್ತಿ ಮತ್ತೆ ಬಳಸಬಾರದೆಂದು ವೈರುಗಳನ್ನು ಕತ್ತರಿಸಿ ಇ-ತ್ಯಾಜ್ಯದವರಿಗೆ ಕೊಟ್ಟೆ.

ಈ ನಡುವೆ ಕೆಲಸದ ಹುಡುಗಿ, "ಅಣ್ಣಾ, ಸಿಪಿಯು ಮುಟ್ಟಿದ್ರೆ ಜುಂ ಅನ್ನುತ್ತೆ" ಅಂದಳು. ಹೊಸ ಎಸ್‌ಎಂಪಿಎಸ್ ಲೀಕ್ ಆಗುತ್ತಿದೆ ಎಂದು ಅವಳ ಭಯ. ನಿಜವಾದ ಕಾರಣ ಅರ್ಥಿಂಗ್. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಅರ್ಥ್‌ಗೆ ಜೋಡಣೆಯಾಗಿರುತ್ತವೆ. ಅರ್ಥ್ ಇಲ್ಲದಿದ್ದರೆ ಡಬ್ಬದ ಮೇಲೆ ಮೇನ್ಸ್‌ನ ಅರ್ಧದಷ್ಟು ವೋಲ್ಟ್ ತೇಲುತ್ತದೆ. ಕರೆಂಟ್ ತೀರಾ ಕಡಿಮೆ, ಆದರೆ ಬೆರಳಿಗೆ ಗೊತ್ತಾಗುತ್ತದೆ. ವೈರ್‌ಮನ್‌ಗೆ ಹೇಳಿ ನೋಡಿಸಿದರೆ, ಸಾಕೆಟ್‌ನ ಮೂರನೇ ತೂತಿಗೆ ವೈರೇ ಇರಲಿಲ್ಲ. ಎಳೆಸಿದೆವು. ಈಗ ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್. ಜುಂ ನಿಂತಿತು.

ಕೊನೆಗೆ ಯುಪಿಎಸ್. ಹೊಸದರಲ್ಲಿ ಆಕ್ಟಿವ್ ಪಿಎಫ್‌ಸಿ ಇದೆ, ಅಂದರೆ ಗೋಡೆಯಿಂದ ಎಳೆಯುವ ಕರೆಂಟಿನ ಅಲೆಯನ್ನು ವೋಲ್ಟಿನ ಅಲೆಗೆ ಹೊಂದಿಸುವ ಸರ್ಕ್ಯೂಟ್. ನಮ್ಮ ಸಾಮಾನ್ಯ ಯುಪಿಎಸ್‌ಗಳು ಬ್ಯಾಟರಿ ಮೇಲೆ ಕೊಡುವುದು ಶುದ್ಧ ಸೈನ್ ಅಲೆಯಲ್ಲ. ಇಂಥ ಜೋಡಿಯಲ್ಲಿ ಕೆಲವೊಮ್ಮೆ ಕರೆಂಟ್ ಹೋದ ಕ್ಷಣ ಎಸ್‌ಎಂಪಿಎಸ್ ಆರಿಬಿಡುತ್ತದೆ. ಅದಕ್ಕೇ ಎಲ್ಲ ಫೈಲ್ ಸೇವ್ ಮಾಡಿ, ಎಕ್ಸ್‌ಪೋರ್ಟ್ ನಡೆಯುವಾಗಲೇ ಯುಪಿಎಸ್‌ನ ಸ್ವಿಚ್ ಗೋಡೆಯಲ್ಲಿ ಆರಿಸಿ ನೋಡಿದೆ. ನನ್ನ 600 ವಿಎ ಯುಪಿಎಸ್ ಬೀಪ್ ಬೀಪ್ ಎಂದಿತು, ಯಂತ್ರ ನಡೆಯುತ್ತಲೇ ಇತ್ತು. ಅದೇ ಯುಪಿಎಸ್‌ಗೆ ಲೇಸರ್ ಪ್ರಿಂಟರನ್ನೂ ಸಿಕ್ಕಿಸಿಟ್ಟಿದ್ದೆವು. ಅದರ ಹೀಟರ್ ಆನ್ ಆದಾಗಲೆಲ್ಲ ನೂರಾರು ವ್ಯಾಟ್ ಎಳೆಯುತ್ತದೆ, ಯುಪಿಎಸ್ ಕೊಡುವುದೇ ಹೆಚ್ಚೆಂದರೆ 360 ವ್ಯಾಟ್. ಪ್ರಿಂಟರ್ ಪ್ಲಗ್ ತೆಗೆದು ಗೋಡೆಯ ಸಾಕೆಟ್‌ಗೆ ಹಾಕಿದೆ. ಕರೆಂಟ್ ಹೋದರೆ ಪ್ರಿಂಟ್ ನಿಲ್ಲುತ್ತದೆ, ನಿಲ್ಲಲಿ.