ಅಪ್ಪನಿಗೊಂದು ಕಂಪ್ಯೂಟರ್: ಬಿಡಿಭಾಗ ಆರಿಸುವುದು ಹೇಗೆ?

ಹೋದ ವರ್ಷ ಮೇ ತಿಂಗಳ ಒಂದು ಸಂಜೆ ಮಳೆಗೆ ಅಪ್ಪನ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಸಿಡಿಲಿನ ಹೊಡೆತ ಕರೆಂಟಿನ ತಂತಿಯಲ್ಲಿ ಬಂದದ್ದಲ್ಲ, ಟೆಲಿಫೋನ್ ತಂತಿಯಲ್ಲಿ ಬಂದದ್ದು. ಮೊದಲು ಮೋಡೆಮ್, ಅಲ್ಲಿಂದ ಕೇಬಲ್ ಹಿಡಿದು, ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಹಲಗೆಯಾದ ಮದರ್‌ಬೋರ್ಡ್. ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು, ಇರುವುದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ಹೊಸದನ್ನು ನಾನೇ ಜೋಡಿಸಿಕೊಡುತ್ತೇನೆ ಎಂದಾಗ ಅವರು ಕೇಳಿದ್ದು ಇಷ್ಟೇ: ‘ನಂಗೆ ಅಕ್ಷರ ಕಾಣ್ಬೇಕು. ಕರೆಂಟು ಹೋದ್ರೆ ಬರೆದದ್ದು ಹೋಗ್ಬಾರ್ದು. ಮೊಮ್ಮಗಳ ಹತ್ರ ಮಾತಾಡ್ಬೇಕು.’

ಬಿಡಿಭಾಗಗಳ ಪಟ್ಟಿ ಮಾಡಲು ಕೂತಾಗ ನಾನು ಎಲ್ಲರಂತೆ ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನಿಂದಲೇ ಶುರುಮಾಡಿದ್ದೆ. ಅಪ್ಪನ ಈ ಮೂರು ಮಾತು ನೆನಪಾಗಿ ಆ ಹಾಳೆ ಹರಿದು ಹೊಸದಾಗಿ ಬರೆದೆ. ಕರೆಂಟು ಮೊದಲು, ಪರದೆ ಆಮೇಲೆ, ಪ್ರೊಸೆಸರ್ ಮೂರನೆಯದು. ಮನೆಯ ಹಿರಿಯರಿಗೆ ಕಂಪ್ಯೂಟರ್ ಕೊಡಿಸುವವರು ಇದೇ ಸಾಲಿನಲ್ಲಿ ಹಣ ಹಂಚಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಗೋಡೆಯ ಪ್ಲಗ್ಗು ನೋಡಿ

ಕಂಪ್ಯೂಟರಿನ ಡಬ್ಬಿ ಮುಟ್ಟಿದರೆ ಬೆರಳು ಜುಂ ಎನ್ನುತ್ತದೆಯೇ? ಹಾಗಿದ್ದರೆ ಆ ಪ್ಲಗ್ಗಿಗೆ ಅರ್ಥಿಂಗ್ ಇಲ್ಲ, ಅಥವಾ ಇದ್ದೂ ಕೆಲಸ ಮಾಡುತ್ತಿಲ್ಲ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನೊಳಗೆ ಸಣ್ಣ ಕೆಪಾಸಿಟರುಗಳಿರುತ್ತವೆ. ಅವು ಬೇಡದ ವಿದ್ಯುತ್ತನ್ನು ಅರ್ಥಿಂಗ್ ತಂತಿಗೆ ಸಾಗಿಸುತ್ತವೆ. ಆ ತಂತಿ ನೆಲ ಮುಟ್ಟದಿದ್ದರೆ ಅದು ಡಬ್ಬಿಯಲ್ಲೇ ನಿಲ್ಲುತ್ತದೆ, ಮುಟ್ಟಿದವರ ಬೆರಳಿಗೆ ತಾಗುತ್ತದೆ.

ಎಲೆಕ್ಟ್ರೀಷಿಯನ್ ಕರೆಸಿ ಮಲ್ಟಿಮೀಟರಿನಲ್ಲಿ ಮೂರು ಅಳತೆ ತೆಗೆಸಿ. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್ ಆಸುಪಾಸು, ಫೇಸ್‌ಗೂ ಅರ್ಥಿಂಗಿಗೂ ನಡುವೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್‌ಗೂ ಅರ್ಥಿಂಗಿಗೂ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚಿಲ್ಲ. ಹೀಗೆ ಬಂದರೆ ನೆಮ್ಮದಿ. ನಮ್ಮ ಮನೆಯಲ್ಲಿ ಹೀಗೆ ಬರಲಿಲ್ಲ. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಪೂರ್ತಿ ಒಣಗಿತ್ತು. ಒಣ ಮಣ್ಣು ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲ. ಗುಂಡಿ ತೆಗೆಸಿ, ಇದ್ದಿಲು ಉಪ್ಪು ಹೊಸದಾಗಿ ತುಂಬಿಸಿ, ಬೇಸಿಗೆಯಲ್ಲಿ ಆಗಾಗ ಎರಡು ಕೊಡ ನೀರು ಹಾಕುವ ಏರ್ಪಾಡು ಮಾಡಿದೆವು.

ನಂತರ ಯುಪಿಎಸ್, ಅಂದರೆ ಕರೆಂಟು ಹೋದಾಗ ಕಂಪ್ಯೂಟರನ್ನು ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ ಡಬ್ಬಿ. ನಾವು ಆರಿಸಿದಂಥ ಸಾಧಾರಣ ಕಂಪ್ಯೂಟರಿಗೆ 600 ವಿಎ ಸಾಮರ್ಥ್ಯದ್ದು ಸಾಕು. ಅದರ ಮೇಲೆ ಸಾಮಾನ್ಯವಾಗಿ 360 ವ್ಯಾಟ್ ಎಂದು ಬರೆದಿರುತ್ತದೆ. ಬರೆಯುವಾಗ, ವಿಡಿಯೊ ನೋಡುವಾಗ ಕಂಪ್ಯೂಟರೂ ಪರದೆಯೂ ಸೇರಿ ನೂರು ವ್ಯಾಟಿನೊಳಗೇ ಇರುತ್ತವೆ. ಬರೆದದ್ದನ್ನು ಉಳಿಸಿ, ನಿಧಾನವಾಗಿ ಮುಚ್ಚಲು ಹತ್ತು ನಿಮಿಷ ಸಿಕ್ಕರೆ ಬೇಕಾದಷ್ಟಾಯಿತು. ಪರದೆಯ ವೈರನ್ನೂ ಯುಪಿಎಸ್‌ಗೇ ಹಾಕಿ. ಅದನ್ನು ಗೋಡೆಯ ಪ್ಲಗ್ಗಿಗೆ ಹಾಕಿ, ಕರೆಂಟು ಹೋದಾಗ ಕಪ್ಪು ಪರದೆ ನೋಡುತ್ತಾ ಕೂತವರು ಬಹಳ ಜನ. ಬ್ಯಾಟರಿ ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸಬೇಕಾಗುತ್ತದೆ, ಆ ಖರ್ಚು ಲೆಕ್ಕದಲ್ಲಿರಲಿ.

ಮನೆಯಲ್ಲಿ ಆಗಲೇ ಇನ್ವರ್ಟರ್ ಇದ್ದರೆ ಅದು ಸೈನ್ ವೇವ್ ಬಗೆಯದೇ (ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವಂಥದ್ದೇ), ಹಿಂಬದಿಯಲ್ಲಿ ಬೇಗ ಬ್ಯಾಟರಿಗೆ ಬದಲಾಗುವಂತೆ ಮಾಡುವ ಯುಪಿಎಸ್ ಮೋಡ್ ಸ್ವಿಚ್ ಇದೆಯೇ ಎಂದು ನೋಡಿ. ಎರಡೂ ಇದ್ದರೆ ಬೇರೆ ಯುಪಿಎಸ್ ಬೇಕಾಗದೇ ಇರಬಹುದು. ಕಂಪ್ಯೂಟರ್ ಓಡುತ್ತಿರುವಾಗ ಮೇನ್ ಸ್ವಿಚ್ ಆಫ್ ಮಾಡಿ ಪರೀಕ್ಷಿಸಿದ ಮೇಲೆಯೇ ತೀರ್ಮಾನ ಮಾಡಿ. ಸ್ಕ್ವೇರ್ ವೇವ್ ಇನ್ವರ್ಟರನ್ನು ಮಾತ್ರ ಕಂಪ್ಯೂಟರಿಗೆ ನೆಚ್ಚಬೇಡಿ.

ಗುಡುಗು ಸಿಡಿಲು ಶುರುವಾಗುವ ಮುನ್ನವೇ ಪ್ಲಗ್ಗನ್ನೂ ನೆಟ್ ಕೇಬಲನ್ನೂ ಕಿತ್ತಿಡುವ ಅಭ್ಯಾಸಕ್ಕೆ ಸಮನಾದ ಉಪಕರಣ ಯಾವುದೂ ಇಲ್ಲ. ಈಗ ಊರಿಗೆ ಫೈಬರ್ ಬಂದಿದೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದ ಕಾರಣ ಹಳೆಯ ತಾಮ್ರದ ತಂತಿಯ ಭಯ ತಪ್ಪಿದೆ. ಆದರೂ ರೂಟರಿನ ಅಡಾಪ್ಟರ್ ಕರೆಂಟಿನ ಪ್ಲಗ್ಗಿನಲ್ಲೇ ಇರುತ್ತದಲ್ಲ.

ಪರದೆ: ಒತ್ತಕ್ಷರ ಓದಿ ಆರಿಸಿ

ಎಪ್ಪತ್ತರ ಕಣ್ಣಿಗೆ ಕನ್ನಡ ಓದುವುದು ಇಂಗ್ಲಿಷ್ ಓದಿದಷ್ಟು ಸಲೀಸಲ್ಲ. ‘ಸ್ವಾತಂತ್ರ್ಯ’ ಎಂಬ ಪದದಲ್ಲಿ ಅಕ್ಷರದ ಕೆಳಗೆ ಏನೇನು ಕೂತಿದೆ ನೋಡಿ. ಪರದೆ ಕಳಪೆಯಾದರೆ ಒತ್ತು ಯಾವುದು, ದೀರ್ಘ ಯಾವುದು ಎಂದು ಗೊತ್ತಾಗದೆ ಕಣ್ಣು ಸೋಲುತ್ತದೆ. ಅಂಗಡಿಯಲ್ಲಿ ಬಣ್ಣಬಣ್ಣದ ವಿಡಿಯೊ ತೋರಿಸುತ್ತಾರೆ. ಅದರ ಬದಲು ಯಾವುದಾದರೂ ಕನ್ನಡ ಪತ್ರಿಕೆಯ ಪುಟ ತೆರೆಸಿ, ತೋಳಳತೆಯ ದೂರದಲ್ಲಿ ಕೂತು ಓದಿ.

24 ಇಂಚು, 1920×1080 ರೆಸಲ್ಯೂಶನ್, ಐಪಿಎಸ್ ಪ್ಯಾನೆಲ್ ಇರುವ ಮಾನಿಟರ್ ಕೊಳ್ಳಿ. ಐಪಿಎಸ್ ಆದರೆ ಪಕ್ಕದಲ್ಲಿ ಕೂತವರಿಗೂ ಚಿತ್ರ ಮಸುಕಾಗುವುದಿಲ್ಲ. ವಿಡಿಯೊ ಕರೆ ಬಂದಾಗ ಅಮ್ಮನೂ ಕುರ್ಚಿ ಎಳೆದುಕೊಂಡು ಬರುತ್ತಾರೆ, ಆಗ ಇದರ ಬೆಲೆ ತಿಳಿಯುತ್ತದೆ. ಎತ್ತರ ಏರಿಸಿ ಇಳಿಸುವ ಸ್ಟ್ಯಾಂಡ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬೈಫೋಕಲ್ ಕನ್ನಡಕದವರು ಕೆಳಗಿನ ಗಾಜಿನಿಂದ ಓದುತ್ತಾರೆ, ಪರದೆ ಎತ್ತರವಾದರೆ ಕತ್ತು ಹಿಂದಕ್ಕೆ ಬಾಗಿಸಿಯೇ ಕೂರಬೇಕಾಗುತ್ತದೆ. ಮನೆಗೆ ತಂದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಅಕ್ಷರ ದೊಡ್ಡದು ಮಾಡುವ ಸ್ಕೇಲಿಂಗನ್ನು 125 ಪ್ರತಿಶತಕ್ಕೆ ಏರಿಸಿ.

ಪ್ರೊಸೆಸರ್, ಬೋರ್ಡ್

ಅಪ್ಪನ ಓದು, ಬರಹ, ವಿಡಿಯೊ ಕರೆಗಳಿಗೆ, ಪರದೆಗೆ ಚಿತ್ರ ಕೊಡುವ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ. ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಬೇಕು. ನಾನು ತೂಗಿ ನೋಡಿದ್ದು ಎರಡನ್ನು. ಒಂದು ಎಎಂಡಿ ಕಂಪನಿಯ ರೈಜೆನ್ 5 5600ಜಿ, ಇದರಲ್ಲಿ ಆರು ಕೋರ್ (ಲೆಕ್ಕ ಮಾಡುವ ಘಟಕ). ಇನ್ನೊಂದು ಇಂಟೆಲ್‌ನ ಐ3-12100, ನಾಲ್ಕು ಕೋರ್. ಎರಡೂ ಹೊಚ್ಚ ಹೊಸವಲ್ಲ, ಅಪ್ಪನಿಗೆ ಎರಡರಲ್ಲಿ ಯಾವುದಾದರೂ ಧಾರಾಳ.

ಒಂದು ಅಕ್ಷರದ ಬಗ್ಗೆ ಎಚ್ಚರ ಬೇಕು. 5600ಜಿ ಬದಲು ಬರೀ 5600 ತಂದರೆ, 12100 ಬದಲು 12100ಎಫ್ ತಂದರೆ, ಅವುಗಳಲ್ಲಿ ಗ್ರಾಫಿಕ್ಸ್ ಇಲ್ಲ. ಎಲ್ಲ ಜೋಡಿಸಿ ಸ್ವಿಚ್ ಒತ್ತಿದರೂ ಪರದೆ ಬೆಳಗುವುದಿಲ್ಲ. ಕೆಲವು ಸಲ ಅವೇ ಅಗ್ಗವಾಗಿ ಸಿಗುವುದರಿಂದ ಕೈ ಅತ್ತಲೇ ಹೋಗುತ್ತದೆ.

ಇದಕ್ಕಿಂತ ದೊಡ್ಡ ಬಲೆ ‘ಐ7 ಕಂಪ್ಯೂಟರ್, ಅತಿ ಕಡಿಮೆ ಬೆಲೆ’ ಎಂಬ ಬೋರ್ಡು. ಯಾವ ತಲೆಮಾರಿನ ಐ7 ಎಂದು ಕೇಳಿ. ಐ7-3770 ಬಂದದ್ದು 2012ರಲ್ಲಿ. ಅದಕ್ಕಿಂತ ಮೇಲೆ ಹೇಳಿದ ಐ3-12100 ವೇಗದ್ದು, ಕರೆಂಟೂ ಕಡಿಮೆ ಸಾಕು. ಅಷ್ಟು ಹಳೆಯದರ ಮೇಲೆ ವಿಂಡೋಸ್ 11 ನಿಯಮದ ಪ್ರಕಾರ ಕೂರುವುದೂ ಇಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪಿಂಚಣಿಯ ಬ್ಯಾಂಕ್ ಖಾತೆ ನೋಡುವ ಯಂತ್ರದಲ್ಲಿ ಭದ್ರತೆಯ ಅಪ್‌ಡೇಟ್ ಬಾರದ ವಿಂಡೋಸ್ ಇರುವುದು ಸರಿಯಲ್ಲ.

ಮದರ್‌ಬೋರ್ಡ್ ಪ್ರೊಸೆಸರಿಗೆ ಹೊಂದುವಂಥದ್ದೇ ಆಗಬೇಕು. 5600ಜಿಗೆ ಎ520 ಅಥವಾ ಬಿ550, 12100ಕ್ಕೆ ಎಚ್610 ಎಂಬ ಬಗೆಯ ಬೋರ್ಡ್. ಎಚ್610ರಲ್ಲಿ ಡಿಡಿಆರ್4, ಡಿಡಿಆರ್5 ಎಂಬ ಎರಡು ಬಗೆಯ ರ‍್ಯಾಮಿಗೆ (ಕೆಲಸದ ಹೊತ್ತಿನ ತಾತ್ಕಾಲಿಕ ಮೆಮೊರಿಗೆ) ಬೇರೆ ಬೇರೆ ಬೋರ್ಡುಗಳಿವೆ. ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದಿಲ್ಲ. ಎಚ್‌ಡಿಎಂಐ ಕಿಂಡಿ, ಮುಂದೆ ಹೇಳುವ ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಇವೆಯೇ ನೋಡಿ. ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಸಾಮಾನ್ಯವಾಗಿ ವೈ-ಫೈ ಇರುವುದಿಲ್ಲ, ರೂಟರ್ ಬೇರೆ ಕೋಣೆಯಲ್ಲಿದ್ದರೆ ಯುಎಸ್‌ಬಿ ವೈ-ಫೈ ಅಡಾಪ್ಟರ್ ಪಟ್ಟಿಗೆ ಸೇರಿಸಿ. ಎಎಂಡಿ ಆರಿಸಿದವರು ಇನ್ನೊಂದು ಮಾತು ಕೇಳಿ: ಬಹುಕಾಲ ಅಂಗಡಿಯಲ್ಲಿ ಕೂತ ಬೋರ್ಡಿಗೆ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡದೆ 5600ಜಿ ಗುರುತೇ ಸಿಗದಿರಬಹುದು. ಅಂಗಡಿಯಲ್ಲೇ ಆನ್ ಮಾಡಿಸಿ ನೋಡಿ.

ರ‍್ಯಾಮ್, ಎಸ್‌ಎಸ್‌ಡಿ

16 ಜಿಬಿ ರ‍್ಯಾಮ್, 8 ಜಿಬಿಯ ಎರಡು ಕಡ್ಡಿಗಳಾಗಿ. ಒಳಗಿನ ಗ್ರಾಫಿಕ್ಸಿಗೆ ತನ್ನದೇ ಮೆಮೊರಿ ಇಲ್ಲ, ಇದೇ ರ‍್ಯಾಮಿನಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಎರಡು ಕಡ್ಡಿ ಇದ್ದರೆ ಎರಡು ದಾರಿಯಲ್ಲಿ ಓಡಾಟ, ಅದಕ್ಕೆ ಅನುಕೂಲ. ಕೈ ಬಿಗಿಯಿದ್ದರೆ ಒಂದೇ 8 ಜಿಬಿ ಹಾಕಿಸಿ, ಇನ್ನೊಂದನ್ನು ಮುಂದೆ ಸೇರಿಸಬಹುದು.

ಕಡತಗಳನ್ನೆಲ್ಲ ಇಡಲು 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ (ಚಿಪ್ಪಿನ ವೇಗದ ಡಿಸ್ಕ್) ಸಾಕು. 5600ಜಿ ಡಿಸ್ಕಿನ ಜೊತೆ ಪಿಸಿಐಇ 3.0 ಎಂಬ ಹಳೆಯ ದಾರಿಯ ವೇಗದಲ್ಲೇ ಮಾತಾಡುತ್ತದೆ, ಅದರ ಜೊತೆಗೆ ದುಬಾರಿ 4.0 ಎಸ್‌ಎಸ್‌ಡಿ ಹಾಕಿದರೆ ಹೆಚ್ಚುವರಿ ಹಣ ದಂಡ. ಆ ಹಣಕ್ಕೆ ಒಂದು ಹೊರಗಿನ ಹಾರ್ಡ್ ಡಿಸ್ಕ್ ತಂದು ಫೋಟೊ, ಬರಹಗಳ ಪ್ರತಿ ಇಟ್ಟು ಬೀರುವಿನಲ್ಲಿಡಿ. ಸಿಡಿಲು ಬಂದ ದಿನ ಅಪ್ಪನ ಹತ್ತು ವರ್ಷದ ಟಿಪ್ಪಣಿಗಳು ಉಳಿದದ್ದು ಅಂಥ ಒಂದು ಡಿಸ್ಕಿನಿಂದಲೇ.

ಎಸ್‌ಎಂಪಿಎಸ್, ಕ್ಯಾಬಿನೆಟ್

ಕ್ಯಾಬಿನೆಟ್ ಜೊತೆ ‘ಫ್ರೀ’ ಎಂದು ಬರುವ ಎಸ್‌ಎಂಪಿಎಸ್ ಬೇಡ. ವೋಲ್ಟೇಜ್ ಏರಿಳಿಯುವ ಊರಿನಲ್ಲಿ ಎಲ್ಲ ಭಾಗಗಳನ್ನೂ ಕಾಯುವುದು ಇದೇ. ಹೆಸರಾಂತ ಕಂಪನಿಯ 450 ವ್ಯಾಟ್, 80 ಪ್ಲಸ್ ಬ್ರಾಂಜ್ ಗುರುತಿನದು (ವಿದ್ಯುತ್ ಪೋಲು ಕಡಿಮೆ ಎಂದು ಹೇಳುವ ಗುರುತು) ಬೇರೆಯಾಗಿ ಕೊಳ್ಳಿ. ಕ್ಯಾಬಿನೆಟ್ಟಿಗೆ ಗಾಜು, ದೀಪ ಯಾವುದೂ ಬೇಡ. ಹಿಂಬದಿಯ ಕಾರ್ಡ್ ಸ್ಲಾಟುಗಳಿಗೆಲ್ಲ ಮುಚ್ಚಳ ಇರಲಿ, ಗಾಳಿಯ ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಇರಲಿ. ಮಲೆನಾಡಿನಲ್ಲಿ ಹಲ್ಲಿ, ಇರುವೆ ಬೆಚ್ಚಗಿನ ಜಾಗ ಹುಡುಕಿ ಒಳಗೆ ಸೇರುತ್ತವೆ. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಓಡಿಸಿದರೆ ಆ ಬಿಸಿಗೆ ಒಳಗಿನ ತೇವ ಆರುತ್ತದೆ.

ಪಟ್ಟಿಯಲ್ಲಿ ಮರೆತುಹೋಗುವವು

ಲ್ಯಾಪ್‌ಟಾಪಿನಂತೆ ಇದರಲ್ಲಿ ಕ್ಯಾಮೆರಾ, ಮೈಕು ಇರುವುದಿಲ್ಲ. ಮೈಕ್ ಸಹಿತ ವೆಬ್‌ಕ್ಯಾಮ್ ಬೇಕು. ಸಣ್ಣ ಜೋಡಿ ಸ್ಪೀಕರೂ ಬೇಕು. ಮಾನಿಟರಿನೊಳಗಿನ ಸ್ಪೀಕರಿನಲ್ಲಿ ಯಕ್ಷಗಾನ ಹಾಕಿದರೆ ಚೆಂಡೆ ಡಬ್ಬ ಬಡಿದಂತೆ ಕೇಳುತ್ತದೆ.

ಕೀಬೋರ್ಡಿಗೆ ಕನ್ನಡ ಅಕ್ಷರದ ಸ್ಟಿಕರ್ ಅಂಟಿಸುವ ಮುನ್ನ ಅವರು ಯಾವ ವಿನ್ಯಾಸದಲ್ಲಿ ಟೈಪ್ ಮಾಡುತ್ತಾರೆ ಎಂದು ಕೇಳಿ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಕಗಪ ವಿನ್ಯಾಸ (ಇಂಗ್ಲಿಷ್ ಕೀಲಿಯ ಉಚ್ಚಾರಕ್ಕೆ ಹೊಂದುವಂಥದ್ದು) ರೂಢಿಯಿದ್ದವರಿಗೆ ಇಂಗ್ಲಿಷ್ ಕೀಲಿಯೇ ಸಾಕು. ಭಾರತೀಯ ಭಾಷೆಗಳಿಗೆ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್ ವಿನ್ಯಾಸದವರಿಗೆ ಮೊದಮೊದಲು ಸ್ಟಿಕರಿನಿಂದ ಸಹಾಯವಾಗುತ್ತದೆ. ವಿಂಡೋಸಿನ ಹಣ ಬಜೆಟ್ಟಿನಲ್ಲಿ ಹಿಡಿಸದಿದ್ದರೆ ಅದರ ಬದಲು ಲಿನಕ್ಸ್ ಮಿಂಟ್ ಹಾಕಿ. ಅದು ಉಚಿತ, ಕಗಪ ವಿನ್ಯಾಸವೂ ಅದರಲ್ಲಿ ಸಿಗುತ್ತದೆ. ಅಂಗಡಿಯವರು ಸುಮ್ಮನೆ ಹಾಕಿಕೊಡುವ ಕಳ್ಳ ವಿಂಡೋಸನ್ನು ಮಾತ್ರ ಒಪ್ಪಬೇಡಿ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟಿನ ಕಡತಗಳು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಗಾಬರಿ ಬೇಡ, ಪರಿವರ್ತಕದಲ್ಲಿ ಹಾಕಿ ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಯುನಿಕೋಡಿಗೆ ಬದಲಾಯಿಸಿದರೆ ಬಹುಪಾಲು ಮರಳಿ ಸಿಗುತ್ತದೆ.

ಅಂಗಡಿಯಲ್ಲಿ

ಬೆಂಗಳೂರಿನವರಿಗೆ ಟೌನ್ ಹಾಲ್ ಬಳಿಯ ಎಸ್.ಪಿ. ರೋಡ್ ಇದೆ. ವಾರದ ದಿನ ಬೆಳಿಗ್ಗೆ ಹೋಗಿ. ಮೂರು ಅಂಗಡಿಯಲ್ಲಿ ಒಂದೇ ಪಟ್ಟಿ ಕೊಟ್ಟು, ಪ್ರತಿ ಭಾಗದ ಮಾದರಿ ಸಂಖ್ಯೆ ಸಹಿತ ಬೆಲೆ ಬರೆಸಿಕೊಳ್ಳಿ. ರ‍್ಯಾಮ್, ಎಸ್‌ಎಸ್‌ಡಿ ಬೆಲೆ ವಾರದಿಂದ ವಾರಕ್ಕೆ ಬದಲಾಗುತ್ತದೆ, ಹಳೆಯ ಲೆಕ್ಕ ಹಿಡಿದು ಜಗಳ ಮಾಡಬೇಡಿ. ಎಲ್ಲವನ್ನೂ ಒಂದೇ ಕಡೆ ಕೊಂಡು ಅವರಿಂದಲೇ ಜೋಡಿಸಿಕೊಂಡರೆ, ಏನಾದರೂ ಕೆಟ್ಟಾಗ ‘ನಮ್ಮದಲ್ಲ, ಅವರದ್ದು’ ಎಂಬ ಮಾತು ಕೇಳುವುದು ತಪ್ಪುತ್ತದೆ. ನೂರಿನ್ನೂರು ಉಳಿಯುತ್ತದೆಂದು ಬೇರೆ ಬೇರೆ ಕಡೆ ಕೊಂಡು ನಾನು ಒಮ್ಮೆ ಎರಡು ಅಂಗಡಿಗಳ ನಡುವೆ ವಾರಗಟ್ಟಲೆ ಅಲೆದಿದ್ದೇನೆ.

‘ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀವಿ ಸಾರ್’ ಎಂದರೆ ಬೇಡ ಎನ್ನಿ. ಜಿಎಸ್‌ಟಿ 18 ಪ್ರತಿಶತ ಹೌದು. ಆದರೆ ಬಿಲ್ ಕೈಯಲ್ಲಿಲ್ಲದಿದ್ದರೆ ವಾರಂಟಿ ಕೇಳಲು ಆಧಾರವೇ ಇರುವುದಿಲ್ಲ. ಪ್ರೊಸೆಸರ್ ಪೆಟ್ಟಿಗೆಯ ಸೀಲ್ ನಿಮ್ಮೆದುರೇ ಒಡೆಯಲಿ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ.

ಮನೆಗೆ ಬಂದ ದಿನವೇ ಆ ಬಿಲ್ಲಿನ ಜೆರಾಕ್ಸ್ ಮಾಡಿಸಿ. ಥರ್ಮಲ್ ಕಾಗದದ ಬಿಲ್ ಒಂದೆರಡು ವರ್ಷದಲ್ಲಿ ಮಾಸಿ ಬಿಳಿ ಹಾಳೆಯಾಗುತ್ತದೆ, ವಾರಂಟಿ ಅದಕ್ಕಿಂತ ಹೆಚ್ಚು ಕಾಲ ಇರುತ್ತದೆ. ಅಪ್ಪನ ಕಂಪ್ಯೂಟರಿನ ಬಿಲ್ಲು, ವಾರಂಟಿ ಚೀಟಿ, ಎಲೆಕ್ಟ್ರೀಷಿಯನ್ ಫೋನ್ ನಂಬರ್ ಎಲ್ಲ ಒಂದೇ ಲಕೋಟೆಯಲ್ಲಿ ಪಂಚಾಂಗದ ಮೊಳೆಗೆ ತೂಗುತ್ತಿವೆ.