ಪುರಸಭೆಗೆ ಏಜೆನ್ಸಿ ಮೂಲಕ ಜನ ತಗೊಳ್ಳೋದು ಹೇಗೆ? ಟೆಂಡರಿಂದ ಬಿಲ್ ತನಕ

ಪುರಸಭೆ, ಪಟ್ಟಣ ಪಂಚಾಯ್ತಿಗಳಲ್ಲಿ ಡೇಟಾ ಎಂಟ್ರಿ ಆಪರೇಟರು, ಕಸದ ಆಟೋ ಡ್ರೈವರು, ಲೋಡರು, ನೀರು ಬಿಡೋ ವಾಲ್ವ್‌ಮನ್ನು, ಇವರಲ್ಲಿ ಬಹಳಷ್ಟು ಜನ ಹೊರಗುತ್ತಿಗೆಯೋರೇ, ಕೆಲಸ ಪುರಸಭೆದು ಸಂಬಳ ಏಜೆನ್ಸಿದು. ಬೀದಿ ಗುಡಿಸೋ ಪೌರಕಾರ್ಮಿಕರು ಹೋರಾಡಿ ನೇರ ಪಾವತಿಗೆ ಬಂದ್ರು, 2022ರ ಮುಷ್ಕರ ಆದ್ಮೇಲೆ ಕಾಯಂ ಆಗೋ ದಾರಿನೂ ತೆರೀತು, ಆದ್ರೆ ಈ ಉಳಿದೋರ ಕಥೆ ಇನ್ನೂ ಏಜೆನ್ಸಿ ಕೈಲೇ ಇದೆ. ಹೊಸದಾಗಿ ಬಂದ ಮುಖ್ಯಾಧಿಕಾರಿಗಳು, ಕೇಸ್ ವರ್ಕರ್‌ಗಳು, ಕೌನ್ಸಿಲರ್‌ಗಳು ಇದನ್ನ ಓದ್ಲಿ ಅಂತ ಬರೀತಿದೀನಿ, ಯಾಕಂದ್ರೆ ಆ ಡ್ರೈವರ್ ಮನೆಗೆ ತಿಂಗಳಿಗೆ ಎಷ್ಟು ಹೋಗುತ್ತೆ ಅನ್ನೋದು ತೀರ್ಮಾನ ಆಗೋದು ನಮ್ಮ ಟೆಂಡರ್ ಡಾಕ್ಯುಮೆಂಟಲ್ಲಿ, ಆಮೇಲೆ ಬಿಲ್ ಪಾಸ್ ಮಾಡೋ ಟೇಬಲ್ಲಲ್ಲಿ.

ಹಳೇ ಗುತ್ತಿಗೆ ಮುಗಿಯೋಕೆ ನಾಲ್ಕು ತಿಂಗಳು ಇರೋವಾಗ್ಲೇ ಫೈಲ್ ಶುರು ಮಾಡಿ. ಯಾವ ಕೆಲಸಕ್ಕೆ ಎಷ್ಟು ಜನ, ಯಾಕೆ ಅಂತ ಪಟ್ಟಿ, ಬಜೆಟಲ್ಲಿ ದುಡ್ಡು, ಕೌನ್ಸಿಲ್ ಠರಾವು, ಮೇಲಿನವರ ಅನುಮೋದನೆ, ಆಮೇಲೆ 1999ರ ಪಾರದರ್ಶಕತೆ ಕಾಯ್ದೆ ಪ್ರಕಾರ ಕೆಪಿಪಿಪಿ (ರಾಜ್ಯ ಸರ್ಕಾರದ ಆನ್‌ಲೈನ್ ಖರೀದಿ) ಪೋರ್ಟಲಲ್ಲಿ ಟೆಂಡರು, ಇಷ್ಟು ಆಗೋದ್ರಲ್ಲಿ ದಿನ ಓಡೇ ಹೋಗುತ್ತೆ. ತಡ ಆದ್ರೆ ಹಳೇ ಏಜೆನ್ಸಿಗೇ "ಮುಂದಿನ ಆದೇಶದವರೆಗೆ" ಅಂತ ಮುಂದುವರಿಸಬೇಕಾಗುತ್ತೆ, ಹಾಗೆ ವರ್ಷಗಟ್ಟಲೆ ಎಳೆಯೋ ಕಡೆನೂ ಇದಾವೆ. ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕು ಅಂತ 2024ರ ಮೇನಲ್ಲಿ ಸರ್ಕಾರದ ಆದೇಶ ಬಂದಿದೆ, ಮಹಿಳೆಯರಿಗೆ ಶೇ. 33, ಅದನ್ನೂ ಟೆಂಡರ್ ಷರತ್ತಲ್ಲೇ ಹಾಕ್ಬಿಡಿ.

ಈಗ ದರದ ಲೆಕ್ಕ, ಇಲ್ಲಿ ನಿಧಾನಕ್ಕೆ ಹೋಗೋಣ. ಒಬ್ಬ ಡ್ರೈವರ್‌ಗೆ ತಿಂಗಳಿಗೆ 18,000 ಕೂಲಿ ಅಂತ ಇಟ್ಕೊಳ್ಳಿ. ಮಾಲೀಕರ ಪಾಲಿನ ಪಿಎಫ್, ಆಡಳಿತ ಶುಲ್ಕ ಎಲ್ಲಾ ಸೇರಿ ಶೇ. 13, ಅದನ್ನ 15,000ದ ಮಿತಿ ಮೇಲೆ ಹಾಕಿದ್ರೆ 1,950. ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ. 3.25, ಅಂದ್ರೆ 585. ಪುರಸಭೆಗೆ ಬೀಳೋದು ಒಟ್ಟು 20,535, ಇದರ ಮೇಲೆ ಏಜೆನ್ಸಿಯ ಸೇವಾ ಶುಲ್ಕ ಬೇರೆ. ಇನ್ನು ಡ್ರೈವರ್ ಸಂಬಳದಲ್ಲಿ ಹಿಡಿಯೋದು ಅವನ ಪಾಲಿನ ಪಿಎಫ್ 1,800, ಇಎಸ್ಐ 135. ಕೈಗೆ 16,065 ಬರ್ಲೇಬೇಕು. ಕೆಲವು ಏಜೆನ್ಸಿಗಳು ಎರಡೂ ಪಾಲನ್ನ ಅವನ ಸಂಬಳದಲ್ಲೇ ಮುರ್ಕೊಂಡು 13,530 ಕೊಟ್ಟು ಕಳಿಸ್ತಾರೆ, ಮಾಲೀಕರ ಪಾಲನ್ನ ಪುರಸಭೆಯಿಂದ ಮೊದ್ಲೇ ವಸೂಲಿ ಮಾಡ್ಕೊಂಡಿರ್ತಾರೆ. ಅದಕ್ಕೇ ಟೆಂಡರಲ್ಲಿ ಕೈಗೆ ಸಿಗೋ ಮೊತ್ತನ ಹುದ್ದೆವಾರು ಬರೆದು ಹಾಕಿ, ಅದೇ ಪಟ್ಟಿನ ಆಫೀಸ್ ನೋಟಿಸ್ ಬೋರ್ಡಲ್ಲೂ ಅಂಟಿಸಿ. ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಪರಿಷ್ಕರಣೆ ಆಗುತ್ತೆ, ಏರಿದಷ್ಟು ಕೂಲಿನೂ ಏರುತ್ತೆ ಅನ್ನೋ ಸಾಲು ಬಿಟ್ರೆ ವರ್ಷವಿಡೀ ಜಗಳ.

ಬಿಡ್‌ದಾರರು ಪೈಪೋಟಿ ಮಾಡ್ಬೇಕಾಗಿರೋದು ಸೇವಾ ಶುಲ್ಕದಲ್ಲಿ ಮಾತ್ರ, ಕೂಲಿಯಲ್ಲಿ ಅಲ್ಲ. ಸೊನ್ನೆ ಅಥವಾ 0.01 ಪರ್ಸೆಂಟ್ ಹಾಕಿದೋರು ಅಗ್ಗ ಅಂತ ಖುಷಿ ಪಡ್ಬೇಡಿ, ಆಫೀಸ್ ಖರ್ಚು, ಲಾಭ ಎಲ್ಲಾ ಎಲ್ಲಿಂದ ತೆಗೀತಾರೆ ಹೇಳಿ, ಕಾರ್ಮಿಕರ ಜೇಬಿಂದಾನೇ. ಕನಿಷ್ಠ ಸೇವಾ ಶುಲ್ಕ ನಿಗದಿ ಮಾಡಿ, ಎಲ್ಲರೂ ಅಷ್ಟೇ ಹಾಕಿದ್ರೆ ಯಾರಿಗೆ ಕೊಡೋದು ಅಂತಾನೂ ಮುಂಚೇನೇ ಬರೀರಿ, ಹಿಂದಿನ ಗುತ್ತಿಗೆಗಳಲ್ಲಿ ಪಿಎಫ್ ಸರಿಯಾಗಿ ಕಟ್ಟಿದ ದಾಖಲೆ ನೋಡೋದು ನನ್ನ ಪ್ರಕಾರ ಒಳ್ಳೇ ಅಳತೆ. ಕೆಲಸಕ್ಕೆ ಸೇರಿಸ್ಕೊಳ್ಳೋಕೆ ಡೆಪಾಸಿಟ್ ಅಂತ ಯಾರ ಹತ್ರನೂ ದುಡ್ಡು ಕೇಳಬಾರದು, ಕೇಳಿದ್ರೆ ಕಪ್ಪುಪಟ್ಟಿ, ಈ ಷರತ್ತೂ ಇರ್ಲಿ.

ಬಿಲ್ ಬಂದಾಗ ಹಾಜರಿ ಪಟ್ಟಿ, ಪ್ರತಿಯೊಬ್ಬರ ಖಾತೆಗೆ ಸಂಬಳ ಹೋದ ಬ್ಯಾಂಕ್ ಸ್ಟೇಟ್‌ಮೆಂಟು, ಪಿಎಫ್ ಇಸಿಆರ್ (ಆ ತಿಂಗಳು ಯಾರ್ಯಾರಿಗೆ ಎಷ್ಟು ಪಿಎಫ್ ಕಟ್ಟಿದ್ರು ಅನ್ನೋ ಪಟ್ಟಿ), ಇಎಸ್ಐ ಚಲನ್ ಇಷ್ಟೂ ಜೊತೆಗಿರ್ಬೇಕು. ಕಾಗದ ನೋಡಿ ಸುಮ್ನಾಗ್ಬೇಡಿ. ಪಿಎಫ್ ನೋಡ್ಕೊಳ್ಳೋ ಇಪಿಎಫ್ಒ ವೆಬ್‌ಸೈಟಲ್ಲಿ ಸಂಸ್ಥೆ ಹುಡುಕೋ ಪುಟ ಇದೆ, ಏಜೆನ್ಸಿ ಹೆಸರು ಹಾಕಿದ್ರೆ ಯಾವ ತಿಂಗಳಿಗೆ ಎಷ್ಟು ಜನಕ್ಕೆ ಎಷ್ಟು ಕಟ್ಟಿದಾರೆ ಅಂತ ಕಾಣುತ್ತೆ, ನಿಮ್ಮ ಹಾಜರಿಲಿ ಇರೋ ಹೆಸರುಗಳು ಅದರಲ್ಲಿ ಇದಾವಾ ಅಂತ ಒಂದೊಂದಾಗಿ ಟಿಕ್ ಹಾಕಿ. ಹಾಜರಿಲಿ ಇದ್ದು ಬೀದಿಲಿ ಇಲ್ಲದ ಹೆಸರುಗಳು ಸಿಕ್ಕಿಬೀಳೋದೂ ಇಲ್ಲೇ. ಏಜೆನ್ಸಿ ಸಂಬಳ ಕೊಡ್ಲಿಲ್ಲ ಅಂದ್ರೆ ಮೂಲ ಮಾಲೀಕರಾದ ಪುರಸಭೆನೇ ಕೊಡ್ಬೇಕು, ಕೊಟ್ಟು ಏಜೆನ್ಸಿಯಿಂದ ವಸೂಲಿ ಮಾಡ್ಬೇಕು, 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಲೂ ಹಾಗೇ ಇತ್ತು, ಹೊಸ ಲೇಬರ್ ಕೋಡಲ್ಲೂ ಹಾಗೇ ಇದೆ. "ಅದು ಏಜೆನ್ಸಿ ವಿಷ್ಯ, ನಮಗೆ ಸಂಬಂಧ ಇಲ್ಲ" ಅನ್ನೋಕೆ ಬರಲ್ಲ.

ಕೆಲಸ ಹಚ್ಚೋವಾಗ ಎರಡು ವಿಷ್ಯ ನೆನಪಿರ್ಲಿ. ಆಪರೇಟರ್ ಎಷ್ಟೇ ಚುರುಕಾಗಿದ್ರೂ ಅಧಿಕಾರಿಯ ಇ-ಆಸ್ತಿ (ಆಸ್ತಿ ದಾಖಲೆ ತಂತ್ರಾಂಶ) ಲಾಗಿನ್ನು, ಡಿಜಿಟಲ್ ಸಹಿ ಕೀ ಅವರ ಕೈಗೆ ಕೊಡ್ಬೇಡಿ, ನಾಳೆ ಏನಾದ್ರೂ ಎಡವಟ್ಟಾದ್ರೆ ಬಲಿ ಆಗೋದು ಆ ಹುಡುಗನೋ ಹುಡುಗಿನೋ. ಯುಜಿಡಿ (ಒಳಚರಂಡಿ) ಕಟ್ಟಿಕೊಂಡ್ರೆ ಯಂತ್ರ ತರಿಸಿ, ಮ್ಯಾನ್‌ಹೋಲ್‌ಗೆ ಸುರಕ್ಷತಾ ಸಾಧನ ಇಲ್ಲದೆ ಮನುಷ್ಯರನ್ನ ಇಳಿಸೋದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಅಪರಾಧ.

ಏಜೆನ್ಸಿ ಬದಲಾದ್ರೂ ಅನುಭವ ಇರೋ ಅದೇ ಜನರನ್ನ ಮುಂದುವರಿಸೋ ಷರತ್ತು ಹಾಕಿ, ಯುಎಎನ್ ನಂಬರ್ (ಒಬ್ಬರಿಗೆ ಒಂದೇ ಇರೋ ಪಿಎಫ್ ಸಂಖ್ಯೆ) ಹಳೇದೇ ಇರುತ್ತೆ, ಎರಡನೇದು ಮಾಡಿಸೋಕೆ ಬಿಡ್ಬೇಡಿ. ಹಳೇ ಏಜೆನ್ಸಿಯವರು ಭದ್ರತಾ ಠೇವಣಿ ವಾಪಸ್ ಕೇಳ್ಕೊಂಡು ಬಂದಾಗ ಕೊನೇ ತಿಂಗಳ ಸಂಬಳ, ಪಿಎಫ್, ಇಎಸ್ಐ ಮೂರೂ ಜಮಾ ಆಗಿದೆಯಾ ಅಂತ ಕಾರ್ಮಿಕರನ್ನೇ ಕರೆಸಿ ಕೇಳಿ, ಮೊಬೈಲಲ್ಲಿ ಪಾಸ್‌ಬುಕ್ ತೆಗೆಸಿ ನೋಡಿ, ಆಮೇಲೆ ಠೇವಣಿ ಬಿಡುಗಡೆ ಮಾಡಿ.