ಹುಡಿ ಬಿದ್ದರೆ ನಿಲ್ಲಿಸಿ, ಚಕ್ಕೆ ಬಿದ್ದರೆ ಕೊಯ್ಯಿರಿ

ನಮ್ಮ ಮನೆ ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ದಾರಿಯಲ್ಲಿದೆ. ಒಂದೂವರೆ ಎಕರೆ ಅಡಿಕೆ ತೋಟ. ಜೊತೆಗೆ ಹಳೇ ಕೊಟ್ಟಿಗೆಯಲ್ಲಿ ನನ್ನದೊಂದು ಸಣ್ಣ ರಿಪೇರಿ ಕೆಲಸ. ಹುಲ್ಲು ಹೊಡೆಯುವ ಮಷಿನ್, ಔಷಧಿ ಹೊಡೆಯುವ ಪಂಪ್, ಮರ ಕೊಯ್ಯುವ ಚೈನ್ ಸಾ ಎಲ್ಲವೂ ಬರುತ್ತವೆ. ಫೆಬ್ರುವರಿಯಿಂದ ಮೇ ತನಕ ಚೈನ್ ಸಾ ಜಾಸ್ತಿ. ಮಳೆ ಹಿಡಿಯುವ ಮೊದಲು ಬಚ್ಚಲ ಒಲೆಗೆ, ಅಡಿಕೆ ಬೇಯಿಸುವ ಒಲೆಗೆ ಕಟ್ಟಿಗೆ ಒಟ್ಟಿಕೊಳ್ಳಬೇಕಲ್ಲ.

ತಂದವರು ಹೇಳುವುದು ಹೆಚ್ಚಾಗಿ ಒಂದೇ ಮಾತು. "ತಮಾ, ಇಂಜಿನ್ ಹೋತು ಕಾಣ್ತು. ಕೊಯ್ತೇ ಇಲ್ಲೆ." ಬಿಚ್ಚಿ ನೋಡಿದರೆ ಇಂಜಿನ್ ಸರಿಯಾಗೇ ಇರುತ್ತದೆ. ಚೈನಿನ ಹಲ್ಲು ಮೊಂಡಾಗಿರುತ್ತದೆ, ಅಷ್ಟೆ.

ಇದನ್ನು ಕಂಡುಹಿಡಿಯಲು ನನ್ನ ಹತ್ತಿರ ಬರಬೇಕಾಗಿಲ್ಲ. ಕೊಯ್ಯುವಾಗ ಕೆಳಗೆ ಏನು ಬೀಳುತ್ತದೆ ನೋಡಿ. ಚೈನ್ ಹರಿತವಾಗಿದ್ದರೆ ಅವಲಕ್ಕಿಯಂಥ ಚಕ್ಕೆ ಬೀಳುತ್ತದೆ. ಮೊಂಡಾಗಿದ್ದರೆ ಹಿಟ್ಟಿನಂಥ ಹುಡಿ. ಹರಿತವಾದ ಚೈನ್ ತಾನಾಗಿ ಮರದೊಳಗೆ ಇಳಿಯುತ್ತದೆ, ಮಷಿನ್ನಿನ ಭಾರವೇ ಸಾಕು. ಮೊಂಡು ಚೈನಿಗೆ ನಾವು ಒತ್ತಬೇಕು. ಒತ್ತುವಾಗ ಮೈ ಮುಂದಕ್ಕೆ ಬಾಗುತ್ತದೆ, ಕಾಲು ಜಾರುತ್ತದೆ, ಕೈ ಸೋಲುತ್ತದೆ. ಪೆಟ್ಟಾಗುವುದು ಆವಾಗಲೇ.

ನನಗೆ ಆದದ್ದೂ ಹಾಗೆಯೇ. ಮನೆ ಹಿಂದೆ ಬಿದ್ದ ಹಲಸಿನ ಮರವನ್ನು ತುಂಡು ಮಾಡುತ್ತಿದ್ದೆ. ಮಧ್ಯಾಹ್ನದ ಹೊತ್ತು. ಬೆಳಿಗ್ಗೆಯಿಂದ ಹುಡಿಯೇ ಬೀಳುತ್ತಿತ್ತು. ಇನ್ನೆರಡು ತುಂಡು ಮುಗಿಸಿ ಅರ ಹಾಕೋಣ ಅಂತ ಒತ್ತಿ ಒತ್ತಿ ಕೊಯ್ದೆ. ಬಾರಿನ, ಅಂದರೆ ಚೈನ್ ಸುತ್ತುವ ಉದ್ದ ಪಟ್ಟಿಯ, ತುದಿ ಹಿಂದಿದ್ದ ಒಂದು ಟೊಂಗೆಗೆ ತಾಗಿತು. ಮಷಿನ್ ಎಗರಿ ನನ್ನ ಎಡಭುಜಕ್ಕೆ ಬಂತು. ಕಣ್ಣು ಮಿಟುಕಿಸುವಷ್ಟೂ ಹೊತ್ತು ಇರಲಿಲ್ಲ. ಹನ್ನೊಂದು ಹೊಲಿಗೆ ಬಿತ್ತು. ಆಮೇಲೆ ಬಿಚ್ಚಿ ನೋಡಿದಾಗ ಬ್ರೇಕಿನ ಪಟ್ಟಿಯ ಸುತ್ತ ಹಲಸಿನ ಮೇಣ, ಹುಡಿ ಎಲ್ಲ ಸೇರಿ ಗಟ್ಟಿಯಾಗಿತ್ತು. ಎಗರಿದಾಗ ಚೈನನ್ನು ನಿಲ್ಲಿಸುವುದು ಈ ಬ್ರೇಕ್. ಅದು ಬೀಳಬೇಕಾದ ಹೊತ್ತಿಗೆ ಬಿದ್ದಿರಲಿಲ್ಲ. ಅವತ್ತಿನಿಂದ ಚೈನ್ ಸಾ ತಂದವರಿಗೆಲ್ಲ ಇದನ್ನೇ ಹೇಳುತ್ತಾ ಬಂದಿದ್ದೇನೆ. ಇಲ್ಲಿ ಬರೆಯುತ್ತಿರುವುದೂ ಅದನ್ನೇ.

ಎಗರುವುದು ಯಾಕೆ

ಬಾರಿನ ತುದಿಯ ಮೇಲಿನ ಅರ್ಧ ಇದೆಯಲ್ಲ, ಅದೇ ಅಪಾಯದ ಜಾಗ. ಅಲ್ಲಿ ಚೈನ್ ತಿರುಗುತ್ತಾ ಕೆಳಗೆ ಇಳಿಯುತ್ತಿರುತ್ತದೆ. ಆ ಭಾಗ ಮರಕ್ಕೆ ತಾಗಿದರೆ ಹಲ್ಲು ಒಮ್ಮೆಲೇ ಕಚ್ಚಿಕೊಳ್ಳುತ್ತದೆ. ಚೈನ್ ಮುಂದೆ ಹೋಗಲಾಗದೆ ಇಡೀ ಬಾರ್ ಮೇಲಕ್ಕೆ, ಹಿಂದಕ್ಕೆ, ನಮ್ಮ ಮುಖದ ಕಡೆಗೆ ಹಾರುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತಿರುತ್ತದೆ. ಆ ವೇಗಕ್ಕೆ ನಮ್ಮ ಕೈಯ ಬಲ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಕೊಯ್ಯುವ ಮೊದಲು ಬಾರಿನ ತುದಿ ಎಲ್ಲಿಗೆ ಹೋಗುತ್ತದೆ ಅಂತ ಮರದ ಆಚೆ ಬದಿಗೂ ಹೋಗಿ ನೋಡಿ. ಎಡಗೈ ಮುಂದಿನ ಹಿಡಿಯಲ್ಲಿ, ಬಲಗೈ ಹಿಂದಿನ ಹಿಡಿಯಲ್ಲಿ ಇರಬೇಕು. ಎಡಗೈ ಹೆಬ್ಬೆರಳು ಹಿಡಿಯ ಕೆಳಗಿನಿಂದ ಸುತ್ತಿ ಬರಬೇಕು. ತುಂಬಾ ಜನ ಹೆಬ್ಬೆರಳನ್ನು ಮೇಲೆಯೇ ಇಟ್ಟುಕೊಳ್ಳುತ್ತಾರೆ. ಹಾಗಿದ್ದರೆ ಎಗರಿದಾಗ ಹಿಡಿ ಕೈಯಿಂದ ಜಾರಿ ಹೋಗುತ್ತದೆ. ಬಾರಿನ ನೇರಕ್ಕೆ ನಿಲ್ಲಬೇಡಿ, ಸ್ವಲ್ಪ ಎಡಕ್ಕೆ ನಿಲ್ಲಿ. ನಾನು ಅವತ್ತು ನೇರಕ್ಕೇ ನಿಂತಿದ್ದೆ. ಭುಜದ ಮಟ್ಟಕ್ಕಿಂತ ಮೇಲೆ ಎತ್ತಿ ಕೊಯ್ಯಬೇಡಿ. ಏಣಿ ಮೇಲೆ ನಿಂತು ಕೊಯ್ಯಲೇಬೇಡಿ.

ಬ್ರೇಕ್ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಮಷಿನ್ ಚಾಲೂ ಮಾಡಿ, ಮುಂದಿನ ಗಾರ್ಡ್ ಅನ್ನು ಮುಂದಕ್ಕೆ ತಳ್ಳಿ ಬ್ರೇಕ್ ಹಾಕಿ. ಎರಡು ಸೆಕೆಂಡ್ ಆಕ್ಸಿಲರೇಟರ್ ಒತ್ತಿ. ಚೈನ್ ಅಲ್ಲಾಡಬಾರದು. ಅಲ್ಲಾಡಿದರೆ ಅವತ್ತಿಗೆ ಕೆಲಸ ಬೇಡ. ದಿನಾ ಬೆಳಿಗ್ಗೆ ಇದನ್ನು ಮಾಡಿ.

ಅರ ಹಾಕುವುದು

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕಂದರೆ ನಮ್ಮ ಕಡೆ ಎಲ್ಲರೂ ಕತ್ತಿ ಮಸೆಯಲು ಬಲ್ಲರು, ಚೈನಿಗೆ ಅರ ಹಾಕಲು ಹೆದರುತ್ತಾರೆ. ಕತ್ತಿ ಮಸೆಯುವ ಕೈಗೆ ಇದು ಒಂದು ವಾರದ ಅಭ್ಯಾಸ.

ಮೊದಲು ನಿಮ್ಮ ಚೈನಿಗೆ ಸರಿಯಾದ ದುಂಡು ಅರ ಬೇಕು. ಬಾರಿನ ಮೇಲೆ ಚೈನಿನ ಅಳತೆ ಕೆತ್ತಿರುತ್ತಾರೆ. .325 ಅಂತಿದ್ದರೆ 4.8 ಮಿಲಿಮೀಟರ್ ಅರ. ಸಣ್ಣ ಮಷಿನ್ನಿಗೆ ಬರುವ ತೆಳು ಚೈನಿಗೆ 4 ಮಿಲಿಮೀಟರ್. ತಪ್ಪು ಅರ ಹಾಕಿದರೆ ಹಲ್ಲಿನ ಆಕಾರವೇ ಕೆಡುತ್ತದೆ.

ಒಂದು ಕುಂಟೆಗೆ (ಮರದ ದಿಮ್ಮಿಗೆ) ಗಾಡಿ, ಅಂದರೆ ಉದ್ದ ಸೀಳು, ಹೊಡೆದು ಬಾರನ್ನು ಅದರಲ್ಲಿ ಸಿಕ್ಕಿಸಿ, ಅಲ್ಲಾಡದ ಹಾಗೆ. ಇಂಜಿನ್ ಬಂದ್ ಇರಲಿ, ಕೈಗೆ ದಪ್ಪ ಗ್ಲೌಸ್ ಇರಲಿ. ಎಲ್ಲ ಹಲ್ಲು ನೋಡಿ ಅತಿ ಗಿಡ್ಡ ಹಲ್ಲು ಯಾವುದು ಅಂತ ಹುಡುಕಿ, ಬಣ್ಣ ಹಚ್ಚಿ ಗುರುತು ಮಾಡಿ. ಅಲ್ಲಿಂದ ಶುರು. ಹಲ್ಲಿನ ಮೇಲೆ ಒಂದು ಓರೆ ಗೆರೆ ಇರುತ್ತದೆ, ಸಾಮಾನ್ಯವಾಗಿ 30 ಡಿಗ್ರಿ. ಅರ ಅದೇ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಹೋಗಬೇಕು. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಿ, ಹಿಂದಕ್ಕೆ ತರುವಾಗ ಎತ್ತಿ ತನ್ನಿ. ಹಿಂದಕ್ಕೂ ಉಜ್ಜಿದರೆ ಅರ ಹಾಳು. ಪ್ರತಿ ಹಲ್ಲಿಗೆ ಎರಡು ಮೂರು ಸಲ ಸಾಕು, ಆದರೆ ಲೆಕ್ಕ ಒಂದೇ ಇರಲಿ. ಒಂದು ಬದಿಯ ಹಲ್ಲು ಪೂರ್ತಿ ಮುಗಿಸಿ, ಆಮೇಲೆ ಇನ್ನೊಂದು ಬದಿ. ಬಲಗೈಯವರಿಗೆ ಒಂದು ಬದಿ ಚೆನ್ನಾಗಿ ಬರುತ್ತದೆ, ಇನ್ನೊಂದು ಬದಿ ಸೋಲುತ್ತದೆ. ಆಗ ಮಷಿನ್ ಕೊಯ್ಯುವಾಗ ಒಂದು ಕಡೆಗೆ ಎಳೆಯುತ್ತದೆ. ನಿಮ್ಮ ಕುಂಟೆಯ ಮುಖ ಓರೆ ಬರುತ್ತಿದ್ದರೆ ಕಾರಣ ಇದೇ.

ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಗುಬಟು ಇದೆ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಅಂತ ಹೇಳುವುದು ಅದು. ಹಲ್ಲಿಗಿಂತ ಅದು ಸುಮಾರು 0.65 ಮಿಲಿಮೀಟರ್ ತಗ್ಗಿರಬೇಕು. ಇಡೀ ಚೈನಿಗೆ ಮೂರು ಸಲ ಅರ ಹಾಕಿದ ಮೇಲೆ ಗೇಜ್ (ಅಳತೆ ಪಟ್ಟಿ) ಇಟ್ಟು ನೋಡಿ, ಎದ್ದಿದ್ದರೆ ಚಪ್ಪಟೆ ಅರದಿಂದ ತೆಗೆಯಿರಿ. ಬೇಗ ಕೊಯ್ಯಲಿ ಅಂತ ಜಾಸ್ತಿ ತೆಗೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಲ್ಲು ಆಳಕ್ಕೆ ಕಚ್ಚಿ ಮಷಿನ್ ಇನ್ನೂ ಜೋರಾಗಿ ಎಗರುತ್ತದೆ.

ನಮ್ಮ ಕೆಂಪು ಮಣ್ಣಿನ ಬಗ್ಗೆಯೂ ಹೇಳಬೇಕು. ಮಳೆಗಾಲದಲ್ಲಿ ನೀರು ಸಿಡಿದು ಮರದ ಬುಡಕ್ಕೆ ಮೊಣಕಾಲೆತ್ತರ ಮಣ್ಣು ಹತ್ತಿರುತ್ತದೆ. ಎಷ್ಟು ಹರಿತ ಮಾಡಿದ್ದರೂ ಆ ಮಣ್ಣಿಗೆ ಚೈನ್ ಐದು ನಿಮಿಷದಲ್ಲಿ ಮೊಂಡಾಗುತ್ತದೆ. ಕೊಯ್ಯುವ ಜಾಗದಲ್ಲಿ ಮೊದಲು ಕತ್ತಿಯಿಂದ ತೊಗಟೆ ಕೆತ್ತಿ ತೆಗೆಯಿರಿ. ನೆಲದ ಮೇಲಿರುವ ಕುಂಟೆಯನ್ನು ಮುಕ್ಕಾಲು ಭಾಗ ಕೊಯ್ದು, ಹೊರಳಿಸಿ ಉಳಿದದ್ದು ಕೊಯ್ಯಿರಿ. ಚೈನ್ ನೆಲಕ್ಕೆ ತಾಗಬಾರದು.

ಎಣ್ಣೆ, ಪೆಟ್ರೋಲ್, ಬಿಗಿ

ಚೈನಿಗೆ ಹಳೇ ಸುಟ್ಟ ಆಯಿಲ್ ಹಾಕುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಅದರಲ್ಲಿ ಲೋಹದ ಹುಡಿ ಇರುತ್ತದೆ, ಪಂಪ್ ಸವೆಯುತ್ತದೆ. ಅದು ಮೈಗೂ ಒಳ್ಳೆಯದಲ್ಲ, ಹಾರಿದ್ದೆಲ್ಲ ತೋಟದ ಮಣ್ಣಿಗೆ ಹೋಗುತ್ತದೆ. ಚೈನಿಗೆಂದೇ ಬರುವ ಅಂಟು ಎಣ್ಣೆ ತನ್ನಿ. ಎಣ್ಣೆ ಬರುತ್ತಿದೆಯೋ ಇಲ್ಲವೋ ನೋಡಲು ಬಾರಿನ ತುದಿಯನ್ನು ಹೊಸದಾಗಿ ಕೊಯ್ದ ಬಿಳಿ ಬುಡದ ಹತ್ತಿರ ಹಿಡಿದು, ತಾಗಿಸದೆ ಆಕ್ಸಿಲರೇಟರ್ ಒತ್ತಿ. ಎಣ್ಣೆಯ ಸಣ್ಣ ಗೆರೆ ಮೂಡಬೇಕು. ಪ್ರತಿ ಸಲ ಪೆಟ್ರೋಲ್ ಹಾಕುವಾಗ ಚೈನ್ ಎಣ್ಣೆಯನ್ನೂ ತುಂಬಿಸಿ.

ಪೆಟ್ರೋಲಿಗೆ ಟೂ-ಟಿ ಆಯಿಲ್ ಸೇರಿಸುವ ಲೆಕ್ಕ ಮಷಿನ್ ಜೊತೆ ಬಂದ ಪುಸ್ತಕದಲ್ಲಿರುತ್ತದೆ. 50ಕ್ಕೆ 1 ಅಂತಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂತಿದ್ದರೆ 40 ಮಿಲಿ. ಅಂದಾಜಿನಲ್ಲಿ ಸುರಿಯಬೇಡಿ, ಅಳತೆ ಮುಚ್ಚಳ ಬಳಸಿ. ಇಂಜಿನ್ ತಣಿದ ಮೇಲೆ ತುಂಬಿಸಿ. ತುಂಬಿಸಿದ ಜಾಗದಿಂದ ಮೂರು ಮೀಟರಾದರೂ ದೂರ ಹೋಗಿ ಚಾಲೂ ಮಾಡಿ.

ಚೈನಿನ ಬಿಗಿ ಹೀಗೆ ನೋಡಿ. ಬಾರಿನ ಕೆಳಗೆ ಚೈನ್ ಜೋತುಬೀಳಬಾರದು, ಆದರೆ ಗ್ಲೌಸ್ ಹಾಕಿದ ಕೈಯಿಂದ ಎಳೆದರೆ ಸರಾಗ ಓಡಬೇಕು. ಬಿಸಿಯಾದಾಗ ಚೈನ್ ಉದ್ದವಾಗುತ್ತದೆ, ಮಧ್ಯೆ ಮಧ್ಯೆ ಬಿಗಿ ಮಾಡಬೇಕು. ಸಂಜೆ ಕೆಲಸ ಮುಗಿದ ಮೇಲೆ ಮತ್ತೆ ಸಡಿಲ ಮಾಡಿ. ಇಲ್ಲದಿದ್ದರೆ ತಣಿದು ಕುಗ್ಗಿ ಬೇರಿಂಗನ್ನು ಎಳೆಯುತ್ತದೆ.

ಮೈಮೇಲೆ ಏನಿರಬೇಕು

ಲುಂಗಿ, ಹವಾಯಿ ಚಪ್ಪಲಿ, ಕುತ್ತಿಗೆಗೆ ಟವಲ್. ಇವು ಮೂರೂ ಬೇಡ. ಗಟ್ಟಿ ಬೂಟು, ಕಣ್ಣಿಗೆ ಜಾಲರಿ ಇರುವ ಹೆಲ್ಮೆಟ್, ಕಿವಿಗೆ ಮುಚ್ಚಿಗೆ ಬೇಕು. ಮಷಿನ್ ಸದ್ದು 100 ಡೆಸಿಬೆಲ್ ದಾಟುತ್ತದೆ, ಹೋದ ಕಿವಿ ವಾಪಸ್ ಬರುವುದಿಲ್ಲ. ತೊಡೆಗೆ ಕಟ್ಟುವ ರಕ್ಷಣೆ ಬಟ್ಟೆ ಸಿಗುತ್ತದೆ. ಅದರೊಳಗಿನ ಉದ್ದ ನೂಲು ಚೈನಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತದೆ. ಏಪ್ರಿಲ್ ಬಿಸಿಲಿಗೆ ಸೆಖೆ ಆಗುತ್ತದೆ, ನಿಜ. ನಾನು ಬೆಳಿಗ್ಗೆ ಆರೂವರೆಗೆ ಶುರುಮಾಡಿ ಹತ್ತಕ್ಕೆ ನಿಲ್ಲಿಸುತ್ತೇನೆ.

ಒಬ್ಬರೇ ಹೋಗಬೇಡಿ. ನಮ್ಮ ತೋಟದ ಕಣಿವೆಗಳಲ್ಲಿ ಮೊಬೈಲ್ ಸಿಗುವುದಿಲ್ಲ. ಜೊತೆಗೆ ಒಬ್ಬರಿರಲಿ, ಕಿಸೆಯಲ್ಲಿ ಶುದ್ಧ ಬಟ್ಟೆ ಇರಲಿ. ಗಾಯವಾದರೆ ಆ ಬಟ್ಟೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದು 108ಕ್ಕೆ ಕರೆಯಬೇಕು. ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಮಷಿನ್ ಚಾಲೂ ಮಾಡುವುದು ನೆಲದ ಮೇಲಿಟ್ಟೇ. ಬ್ರೇಕ್ ಹಾಕಿ, ಎಡಗೈಯಲ್ಲಿ ಮುಂದಿನ ಹಿಡಿ ಒತ್ತಿ, ಬಲಗಾಲ ತುದಿಯನ್ನು ಹಿಂದಿನ ಹಿಡಿಯೊಳಗೆ ಇಟ್ಟು ಹಗ್ಗ ಎಳೆಯಿರಿ. ಒಂದು ಕೈಯಲ್ಲಿ ನೇತುಹಾಕಿ ಇನ್ನೊಂದು ಕೈಯಲ್ಲಿ ಎಳೆಯುವುದು ನೋಡಲು ಚುರುಕಾಗಿ ಕಾಣುತ್ತದೆ. ಆದರೆ ಚೈನ್ ತಿರುಗತೊಡಗಿದರೆ ಪಕ್ಕದಲ್ಲೇ ಕಾಲಿರುತ್ತದೆ.

ಮರ ಬೀಳಿಸುವುದು

ಮೊದಲು ಮರ ನಿಮ್ಮದೇನಾ ಅಂತ ನೋಡಿ. ಸ್ವಂತ ಜಾಗದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಹಲವು ಜಾತಿಯ ಮರಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸೊಪ್ಪಿನ ಬೆಟ್ಟದಲ್ಲಿ, ಅಂದರೆ ಅಡಿಕೆ ತೋಟಕ್ಕೆಂದು ಬಿಟ್ಟುಕೊಟ್ಟ ಕಾಡಿನಲ್ಲಿ, ನಮಗಿರುವುದು ಸೊಪ್ಪು, ದರಕಿನ (ಒಣ ಎಲೆಯ) ಸವಲತ್ತು. ಅಲ್ಲಿನ ಹಸಿ ಮರಕ್ಕೆ ಮಷಿನ್ ಹಚ್ಚುವ ಹಾಗಿಲ್ಲ. 1983ರಲ್ಲಿ ಇದೇ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಉಳಿಸಿಕೊಂಡರು. ಆ ಊರುಗಳ ನಡುವೆ ಇದ್ದು ಮಷಿನ್ ಹಿಡಿಯುವಾಗ ನನಗೆ ಅದು ಪ್ರತಿ ಸಲ ನೆನಪಾಗುತ್ತದೆ.

ಬುಡ 50 ಸೆಂಟಿಮೀಟರ್ ದಪ್ಪದ ಅಕೇಶಿಯಾ ಅಂತಿಟ್ಟುಕೊಳ್ಳಿ. ಮರ ಯಾವ ಕಡೆ ವಾಲಿದೆ, ಗಾಳಿ ಎತ್ತ ಬೀಸುತ್ತಿದೆ, ಮೇಲೆ ಒಣ ಟೊಂಗೆ, ಬಳ್ಳಿ ಇದೆಯಾ ನೋಡಿ. ಮರದ ಎತ್ತರದ ಎರಡು ಪಟ್ಟು ದೂರದೊಳಗೆ ಯಾರೂ ಇರಬಾರದು. ಬೀಳುವ ದಿಕ್ಕಿಗೆ ಬೆನ್ನು ಮಾಡಿದರೆ ನಿಮ್ಮ ಮುಂದೆ ಎಡಕ್ಕೋ ಬಲಕ್ಕೋ ಓರೆಯಾಗಿ ಓಡುವ ದಾರಿ ಬೇಕು. ಅಲ್ಲಿನ ಮಟ್ಟಿ, ಬಳ್ಳಿ ಸವರಿ ಇಡಿ.

ಬೀಳಬೇಕಾದ ಬದಿಗೆ ಮೊದಲು ಬಾಯಿ, ಅಂದರೆ ತೆರೆದ ಕಚ್ಚು, ತೆಗೆಯಿರಿ. ಆಳ ದಪ್ಪದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ, ಅಂದರೆ 10ರಿಂದ 12.5 ಸೆಂಟಿಮೀಟರ್. ಆಮೇಲೆ ಹಿಂದಿನಿಂದ, ಬಾಯಿಯ ತಳಕ್ಕಿಂತ ಎರಡು ಮೂರು ಸೆಂಟಿಮೀಟರ್ ಮೇಲೆ ಕೊಯ್ಯಿರಿ. ಪೂರ್ತಿ ಕೊಯ್ಯಬೇಡಿ. ನಡುವೆ ದಪ್ಪದ ಹತ್ತನೇ ಒಂದು ಭಾಗ, ಇಲ್ಲಿ 5 ಸೆಂಟಿಮೀಟರ್, ಬಾಗಿಲ ತಿರುಗಣಿಯ ಹಾಗೆ ಉಳಿಯಬೇಕು. ಮರವನ್ನು ಹಿಡಿದು ತಿರುಗಿಸುವುದು ಅದೇ. ಅದನ್ನೂ ಕೊಯ್ದರೆ ಮರ ತನಗೆ ಬೇಕಾದ ಕಡೆ ಬೀಳುತ್ತದೆ. ಬಾರ್ ಸಿಕ್ಕಿಕೊಳ್ಳದ ಹಾಗೆ ಹಿಂದೆ ಬೆಣೆ ಹೊಡೆಯಿರಿ. ಮರದ ಅಥವಾ ಪ್ಲಾಸ್ಟಿಕ್ ಬೆಣೆ, ಕಬ್ಬಿಣದ್ದಲ್ಲ. ಮರ ಕದಲಿದ ಕೂಡಲೇ ಓಡುವ ದಾರಿ ಹಿಡಿಯಿರಿ, ನೋಡುತ್ತಾ ನಿಲ್ಲಬೇಡಿ.

ಗಾಳಿಗೆ ಬಿದ್ದು ಬಿಲ್ಲಿನ ಹಾಗೆ ಬಾಗಿದ ಮರ ಇದಕ್ಕಿಂತ ಅಪಾಯ. ಬಾಗಿನ ಒಳಬದಿ ಒತ್ತಿಕೊಂಡಿರುತ್ತದೆ, ಹೊರಬದಿ ಎಳೆದುಕೊಂಡಿರುತ್ತದೆ. ಮೊದಲು ಒತ್ತಿದ ಬದಿಗೆ ಸ್ವಲ್ಪ ಕೊಯ್ದು, ಆಮೇಲೆ ಎಳೆದ ಬದಿಯಿಂದ ನಿಧಾನಕ್ಕೆ ಬಿಡಿಸಬೇಕು. ತಿರುವುಮುರುವಾದರೆ ಮರ ಸೀಳಿ ಎದೆಗೆ ಹೊಡೆಯುತ್ತದೆ. ಕರೆಂಟಿನ ತಂತಿ ಮೇಲೆ ಬಿದ್ದಿದ್ದರೆ ಹತ್ತಿರವೂ ಹೋಗದೆ ಹೆಸ್ಕಾಂನವರಿಗೆ ತಿಳಿಸಿ.

ಮಳೆಗಾಲಕ್ಕೆ ಎತ್ತಿಡುವಾಗ

ಈಗ ಬಂಕಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ನಮ್ಮ ಜೂನ್ ಜುಲೈ ತೇವ ಗೊತ್ತಲ್ವಾ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಕಾರ್ಬುರೇಟರಿನ ತೆಳು ರಬ್ಬರನ್ನು ಕೆಡಿಸುತ್ತದೆ. ಅಕ್ಟೋಬರಿನಲ್ಲಿ ನನ್ನ ಕೊಟ್ಟಿಗೆಗೆ ಬರುವ ಮಷಿನ್‌ಗಳಲ್ಲಿ ಹೆಚ್ಚಿನವಕ್ಕೆ ಇದೇ ರೋಗ. ಟ್ಯಾಂಕ್ ಖಾಲಿ ಮಾಡಿ, ಚಾಲೂ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ. ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳಿಗಿಂತ ಜಾಸ್ತಿ ಇಡಬೇಡಿ.

ಬಾರ್, ಚೈನ್ ಬಿಚ್ಚಿ. ಬಾರಿನ ಗಾಡಿಯಲ್ಲಿ ಕೂತ ಹುಡಿಯನ್ನು ತೆಳು ತಗಡಿನಿಂದ ಕೆರೆದು ತೆಗೆಯಿರಿ, ಎಣ್ಣೆ ತೂತು ಬಿಡಿಸಿ. ಮತ್ತೆ ಹಾಕುವಾಗ ಬಾರನ್ನು ತಿರುವಿ ಹಾಕಿ, ಎರಡೂ ಅಂಚು ಸಮ ಸವೆಯುತ್ತವೆ. ಏರ್ ಫಿಲ್ಟರ್ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಹಲಸು ಕೊಯ್ದಿದ್ದರೆ ಬ್ರೇಕಿನ ಸುತ್ತಲಿನ ಮೇಣವನ್ನು ಮರದ ಕಡ್ಡಿಯಿಂದ ಎಬ್ಬಿಸಿ, ಬ್ರಷ್‌ನಿಂದ ಒರೆಸಿ. ಬ್ರೇಕಿನ ಪಟ್ಟಿಗೆ ಮಾತ್ರ ಎಣ್ಣೆ ತಾಗಿಸಬೇಡಿ, ಜಾರುತ್ತದೆ. ಚೈನನ್ನು ಎಣ್ಣೆಯಲ್ಲಿ ಅದ್ದಿ ಡಬ್ಬಿಗೆ ಹಾಕಿ. ಮಷಿನ್ ಅನ್ನು ಮಕ್ಕಳ ಕೈಗೆ ಸಿಗದ ಹಾಗೆ, ಒಲೆಯಿಂದ ದೂರ, ತೇವ ತಾಗದ ಕಡೆ ಇಡಿ. ನಾನು ಅಡಿಕೆ ಮೂಟೆ ಇಡುವ ಅಟ್ಟದಲ್ಲಿ ಇಡುತ್ತೇನೆ. ಜೊತೆಗೆ ಒಂದು ಚೀಟಿ ಕಟ್ಟುತ್ತೇನೆ. ಯಾವ ಅರ, ಎಷ್ಟು ಸಲ ಹಾಕಿದೆ, ಗುಬಟು ಯಾವಾಗ ತೆಗೆದೆ ಅಂತ ಅದರಲ್ಲಿ ಬರೆದಿರುತ್ತದೆ.